ಹೊಸ ಸೈಕಲ್, ಹದಿಹರೆಯದ ಮಗ: ಎಷ್ಟು ತುಳಿದರೆ ಸಾಕು?

ಪುಣೆಯಲ್ಲಿರೋ ನಮ್ಮಂಥ ಐಟಿ ಅಪ್ಪಂದಿರಿಗೆ ಒಂದು ಚಟ, ಎಲ್ಲದಕ್ಕೂ ಟಾರ್ಗೆಟ್ ಇಡೋದು. ನನ್ನ ಮಗನಿಗೆ 14 ವರ್ಷ. ಸೈಕಲ್ ಕೊಡಿಸಿದ ಎರಡನೇ ವಾರಕ್ಕೇ ಸಿಂಹಗಡದ ಘಾಟ್ ಹತ್ತಿಸಿದೆ. ಮೂರನೇ ವಾರ ಮಂಡಿಚಿಪ್ಪಿನ ಕೆಳಗೆ ನೋವು. "ಅಪ್ಪಾ, ನನಗೆ ಸೈಕಲ್ಲೇ ಬೇಡ" ಅಂದುಬಿಟ್ಟ.

ಬೆಳೆಯೋ ವಯಸ್ಸಲ್ಲಿ ಅಲ್ಲಿನ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ. ತೊಡೆಯ ಸ್ನಾಯು ಜಗ್ಗಿದಷ್ಟೂ ಭಾರ ಅದರ ಮೇಲೇ. ಅದಕ್ಕೇ ಮಕ್ಕಳ ವೈದ್ಯರು ಹೇಳೋ ಲೆಕ್ಕ ಇದು: ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ, ವಾರದ ತರಬೇತಿ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. ಅಂದ್ರೆ ನನ್ನ ಮಗನಿಗೆ 14. ಅದು ಮಿತಿ, ಟಾರ್ಗೆಟ್ ಅಲ್ಲ! ಹೊಸಬರಿಗೆ ವಾರದಲ್ಲಿ ಮೂರು ದಿನ, 45 ನಿಮಿಷ ಧಾರಾಳ. ಹಗುರ ಗೇರ್, ಮಾತಾಡ್ತಾ ತುಳಿಯೋ ವೇಗ. ನೋವು ಬಂದ್ರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ನೋವು ವಾಸಿಯಾದ ಮೇಲೆ ನಾವು ಭಾನುವಾರ ಖಡಕ್‌ವಾಸ್ಲಾ ತನಕ ಮಾತ್ರ ಹೋಗ್ತೀವಿ. ನೀರಿನ ಪಕ್ಕ ಕೂತು ಸುಟ್ಟ ಮುಸುಕಿನ ಜೋಳ ತಿಂದು ವಾಪಸ್. ಸಿಂಹಗಡ ಎಲ್ಲಿಗೂ ಓಡಿಹೋಗಲ್ಲ. ಈಗ ಶನಿವಾರ ರಾತ್ರಿ ಅಲಾರಂ ಇಡೋನು ಅವನೇ.