ಗಣಿಯ ಸೂರು ಆಡುವ ಮಾತು

(ಭಾಷಣದ ಬರಹರೂಪ)



ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. 'ಟಣ್' ಎಂದರೆ ಗಟ್ಟಿ. ಸದ್ದು ಒಡೆದು ಬಂದರೆ ಎಲ್ಲೋ ಬಿರುಕಿದೆ ಎಂದರ್ಥ. ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ ಕೆಲಸಗಾರರು ಮಾಡುವುದೂ ಇದನ್ನೇ. ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟುತ್ತಾರೆ. ಗಂಟೆಯಂಥ ನಾದ ಬಂದರೆ ಬಂಡೆ ಬಿಗಿಯಾಗಿದೆ. ಪೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ನಿಜ. ಆದರೆ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ಬರುತ್ತದೆ. ಅಲ್ಲಿ ಇಂದಿಗೂ ನೆಲದಡಿಗೆ ಇಳಿದು ದುಡಿಯುವವರಿದ್ದಾರೆ. ಅವರ ತಲೆಯ ಮೇಲಿನ ಸೂರಿನ ಪ್ರಶ್ನೆ ನಮಗೆ ದೂರದ್ದಲ್ಲ.

ಕಲ್ಲಿದ್ದಲು ತೆಗೆಯುವಾಗ ನಡುನಡುವೆ ಅದರದೇ ಕಂಬಗಳನ್ನು ಉಳಿಸುತ್ತಾರೆ. ಮೇಲಿನ ನೆಲದ ಭಾರವನ್ನು ಹೊರುವುದು ಅವೇ. ಕಂಬ ಸಣ್ಣದಾದಷ್ಟೂ, ಎತ್ತರವಾದಷ್ಟೂ ದುರ್ಬಲ. ಕಂಬಗಳ ನಡುವಿನ ಚಾವಣಿಗೆ ಹಿಂದೆ ಮರದ ದಿಮ್ಮಿಗಳ ಆಸರೆ ಕೊಡುತ್ತಿದ್ದರು. ಮರ ಮುರಿಯುವ ಮುನ್ನ ಚಟಚಟ ಎನ್ನುತ್ತದೆ. ಆ ಸದ್ದೇ ಓಡಲು ಸೂಚನೆ. ಈಗ ಬಂಡೆಯೊಳಕ್ಕೆ ಉಕ್ಕಿನ ಬೋಲ್ಟ್ ಇಳಿಸಿ ಪದರಗಳನ್ನು ಬಿಗಿಯುತ್ತಾರೆ. ಬೋಲ್ಟ್ ಬಲವಾದುದು. ಆದರೆ ಮರದಂತೆ ಅದು ಮಾತಾಡದು.

ಆ ಕೊರತೆ ತುಂಬಲು ಬಂದದ್ದು 'ಟೆಲ್‌ಟೇಲ್', ಅಂದರೆ ಚಾಡಿಕೋರ! ಚಾವಣಿಯಲ್ಲಿ ಮೇಲ್ಮುಖವಾಗಿ ರಂಧ್ರ ಕೊರೆದು, ಆಳದಲ್ಲಿ ತಂತಿಯ ತುದಿಯನ್ನು ಕಚ್ಚಿಸುತ್ತಾರೆ. ಕೆಳತುದಿಯಲ್ಲಿ ಬಣ್ಣದ ಪಟ್ಟಿಗಳ ಸೂಚಕ ತೂಗುತ್ತದೆ. ಚಾವಣಿ ಮಿಲಿಮೀಟರುಗಳಷ್ಟು ಇಳಿದಂತೆ ಹಸಿರು ಪಟ್ಟಿ ರಂಧ್ರದೊಳಗೆ ಮರೆಯಾಗುತ್ತದೆ, ಆಮೇಲೆ ಹಳದಿ. ಕೆಂಪು ಮಾತ್ರ ಉಳಿದರೆ ಅಪಾಯ. ಎರಡು ತಂತಿಗಳಿದ್ದರೆ, ಬಂಡೆ ಬಿಡುತ್ತಿರುವುದು ಬೋಲ್ಟ್‌ನ ಎತ್ತರದೊಳಗೋ ಅದರ ಮೇಲೋ ಎಂಬುದೂ ತಿಳಿಯುತ್ತದೆ. ಓದುಬರಹ ಬಾರದವರೂ ದಾರಿಯಲ್ಲಿ ಹೋಗುತ್ತಾ ಇದನ್ನು ನೋಡಿ ಅರಿಯಬಹುದು.

ಆದರೆ ಸೂಚನೆ ಸಿಕ್ಕರೆ ಸಾಕೇ? ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯ ಕಥೆ ಕೇಳಿ. 1959ರ ಡಿಸೆಂಬರ್ 28ರಂದು ಗಣಿಯ ಒಂದು ಭಾಗ ಕುಸಿಯಿತು. ಸರ್ಕಾರದ ಗಣಿ ತನಿಖಾಧಿಕಾರಿಗಳಿಗೆ ಅದನ್ನು ತಿಳಿಸಲಿಲ್ಲ, ಕೆಲಸ ಮುಂದುವರಿಯಿತು. 1960ರ ಜನವರಿ 21ರಂದು ನೂರಾರು ಕಂಬಗಳು ಒಂದರ ಹಿಂದೊಂದು ಪುಡಿಯಾದವು. 435 ಮಂದಿ ಸತ್ತರು. ಅವರ ದೇಹಗಳನ್ನು ಹೊರತೆಗೆಯಲಾಗಲಿಲ್ಲ.

ಆ ದುರಂತದ ನಂತರ ಸಾಲಮನ್ ಮತ್ತು ಮನ್ರೋ ಎಂಬ ಸಂಶೋಧಕರು ಕುಸಿದ 27 ಹಾಗೂ ನಿಂತ 98 ಕಡೆಗಳ ಕಂಬಗಳನ್ನು ಹೋಲಿಸಿ, 1967ರಲ್ಲಿ ಕಂಬದ ಬಲ ಲೆಕ್ಕಹಾಕುವ ಸೂತ್ರ ಕೊಟ್ಟರು. ನಮ್ಮ ದೇಶದಲ್ಲಿಯೂ 1957ರ ಕಲ್ಲಿದ್ದಲು ಗಣಿ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ನಿಯಮಗಳು ಬಂದವು. ಚಾವಣಿಗೆ ಆಸರೆ ಕೊಟ್ಟರಷ್ಟೇ ಸಾಲದು, ಅದರ ಮೇಲೆ ನಿಗಾ ಇಡುವ ಯೋಜನೆಯೂ ಬೇಕೆಂದು ಅವು ಹೇಳುತ್ತವೆ.

ಸೂರು ಎಷ್ಟೋ ಸಲ ಬೀಳುವ ಮುನ್ನ ಹೇಳುತ್ತದೆ. ಉಪಕರಣ ಆ ಮಾತನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೆ. ಕೆಂಪು ಕಂಡ ಕೂಡಲೇ 'ಕೆಲಸ ನಿಲ್ಲಿಸಿ, ಹೊರಗೆ ನಡೆಯಿರಿ' ಎನ್ನುವ ಧೈರ್ಯವನ್ನು ಯಾವ ತಂತಿಯೂ ಕೊಡಲಾರದು. ಆ ಮಾತನ್ನು ಹೇಳುವ ಅಧಿಕಾರ, ಹೇಳಿದ್ದಕ್ಕೆ ಕೂಲಿ ಹೋಗದೆಂಬ ಭರವಸೆ, ಸೂರಿನ ಕೆಳಗೆ ನಿಂತವರಿಗೇ ಇರಬೇಕು.