ಯಾರೂ ಕೂಡಿಸದ ಶ್ರುತಿ

ಶಿವಮೊಗ್ಗ, ಭದ್ರಾವತಿಗಳಲ್ಲಿ ಗಣೇಶೋತ್ಸವ ಬಂತೆಂದರೆ ಅದರ ಹಿಂದೆಯೇ ರಸಮಂಜರಿಯೂ ಬರುತ್ತದೆ. ಹಾಡುವವರ ಹಿಂದೆ, ಕೀಬೋರ್ಡಿನ ಮರೆಯಲ್ಲಿ, ವಿದ್ಯುತ್ ಗಿಟಾರ್ ಹಿಡಿದ ತರುಣನೊಬ್ಬ ನಿಂತಿರುತ್ತಾನೆ. ಒಂದು ಹಾಡು ಮುಗಿದು ಇನ್ನೊಂದು ಆರಂಭವಾಗುವ ಮೊದಲು ಧ್ವನಿವರ್ಧಕದಲ್ಲಿ 'ಗುಂಯ್' ಎಂಬ ಸದ್ದನ್ನು ನೀವೂ ಕೇಳಿರಬಹುದು. ಅದು ವಾದ್ಯದ ನಾದವಲ್ಲ. ಚಪ್ಪರದ ದೀಪಗಳು, ಟ್ಯೂಬ್‌ಲೈಟಿನ ಚೋಕುಗಳು, ವಿದ್ಯುತ್ ತಂತಿಗಳು ಗಿಟಾರಿನೊಳಗೆ ನುಸುಳಿ ಆಡುವ ಮಾತು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಆ ಸದ್ದು ಪಾಶ್ಚಾತ್ಯರ 'ಜಿ' ಸ್ವರದ ಸಮೀಪದ್ದು, ಆದರೆ ತುಸು ಏರು. ತಂಬೂರಿಯ ಶ್ರುತಿ ಗಾಯಕನಿಗೆ ಆಸರೆ. ಇದಾದರೋ ಯಾರೂ ಕೂಡಿಸದ, ಯಾವ ಹಾಡಿಗೂ ಹೊಂದದ ಶ್ರುತಿ.

ಇದು ಒಳಬರುವ ಬಾಗಿಲು ಪಿಕಪ್. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಆಯಿತು. ಮೇಲೆ ಉಕ್ಕಿನ ತಂತಿ ಮಿಡಿದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಒಂಟಿ ಸುರುಳಿಗೆ ತಂತಿಯ ಮಾತೂ ದೀಪದ ಮಾತೂ ಒಂದೇ. ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿ ಪೇಟೆಂಟ್ ಕೋರಿದರು. 1959ರಲ್ಲಿ ಅದು ದೊರೆಯಿತು. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿಗೆ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ತಿರುಗುಮುರುಗಾಗಿಸಿದರೆ, ಹೊರಗಿನ ಸದ್ದು ಎರಡರಲ್ಲಿ ಎದುರುಬದುರಾಗಿ ಅಳಿಯುತ್ತದೆ. ತಂತಿಯ ನಾದ ಮಾತ್ರ ಕೂಡಿ ಉಳಿಯುತ್ತದೆ. ಇದೇ ಹಂಬಕರ್.

ನನ್ನ ಬಳಿ ಬರುವ ತರುಣರಲ್ಲಿ ಹಲವರು ಹಗಲು ಬೇರೆ ದುಡಿಮೆ ಮಾಡಿ ರಾತ್ರಿ ನುಡಿಸುವವರು. ಹಬ್ಬದ ಗಳಿಕೆಯೆಲ್ಲ ಒಂದು ಪಿಕಪ್ಪಿಗೆ ಸಂದುಹೋಗುವ ಸ್ಥಿತಿ ಅವರದು. ಆದ್ದರಿಂದ ಆಯ್ಕೆ ಸರಿಯಾಗಬೇಕು. ಅವರಲ್ಲಿ ಕೆಲವರ ಕೈಯಲ್ಲಿರುವುದು ಗಿಡ್ಡ ಗಿಟಾರ್. ದೊಡ್ಡ ಗಿಟಾರಿನಲ್ಲಿ ಕಂಪಿಸುವ ತಂತಿಯ ಉದ್ದ ಇಪ್ಪತ್ತೈದೂವರೆ ಅಂಗುಲವಾದರೆ, 1964ರ ಫೆಂಡರ್ ಮಸ್ಟಾಂಗಿನಂಥವುಗಳಲ್ಲಿ 24 ಅಂಗುಲ. ಅದೇ ತಂತಿಯನ್ನು ಅದೇ ಸ್ವರಕ್ಕೆ ಕೂಡಿಸಿದಾಗ ಬಿಗಿ ನೂರಕ್ಕೆ ಸುಮಾರು 11 ಪಾಲು ಕಡಿಮೆ. ಬೆರಳಿಗೆ ಸುಖ, ಆದರೆ ಮಂದ್ರದ ತಂತಿಗಳು ಸಡಿಲವಾಗಿ ಮಾತು ಮಸುಕಾಗುತ್ತದೆ.

ಅಂಗಡಿಯಲ್ಲಿ ಹೊಗಳುವುದು ಬಹಳ ಬಲದ ಪಿಕಪ್ಪನ್ನು. ಮಸುಕಾದ ಮಾತನ್ನು ಗಟ್ಟಿಯಾಗಿ ಆಡಿದರೆ ಸ್ಪಷ್ಟವಾದೀತೇ? ಸುತ್ತು ಹೆಚ್ಚಿದಷ್ಟೂ ತಾರದ ಹೊಳಪು ಕುಂದುತ್ತದೆ. ಗಿಡ್ಡ ಗಿಟಾರಿಗೆ ನಾನು ಹೇಳುವುದು ಮಿತವಾಗಿ ಸುತ್ತಿದ, ಏಳೆಂಟು ಸಾವಿರ ಓಮ್‌ಗಳ ಹಂಬಕರ್. ಅಯಸ್ಕಾಂತದ ವಿಷಯದಲ್ಲಿ, 1923ರಲ್ಲೇ ಕಬ್ಬಿಣದ ಕುಲುಮೆ ಹೊತ್ತಿಸಿದ ಭದ್ರಾವತಿಯವರಿಗೆ ಬೆರಕೆ ಲೋಹದ ಗುಣ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದೊಡನೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಕೂಡಿದ್ದು ಆಲ್ನಿಕೊ. ಅದರ 2ನೆಯ ದರ್ಜೆ ಮೃದು. 5ನೆಯದು ಮಂದ್ರವನ್ನು ಬಿಗಿಯಾಗಿ, ತಾರವನ್ನು ತಿಳಿಯಾಗಿ ಹಿಡಿಯುತ್ತದೆ. ಗಿಡ್ಡ ಗಿಟಾರಿಗೆ ಬೇಕಾದುದು ಈ 5ನೆಯದೇ. ಸೆರಾಮಿಕ್ ಇನ್ನೂ ಚೂಪು. ಅಬ್ಬರದ ರಾಕ್ ಸಂಗೀತಕ್ಕೆ ಅದು ಸಲ್ಲಬಹುದು.

ಕೊಳ್ಳುವ ಮೊದಲು ಅಳತೆಪಟ್ಟಿ ಹಿಡಿಯಿರಿ. ಮೊದಲನೆಯ ತಂತಿಯಿಂದ ಆರನೆಯದಕ್ಕೆ ಕುದುರೆಯ ಬಳಿ ಇರುವ ಅಂತರ ಕೆಲವು ಗಿಟಾರುಗಳಲ್ಲಿ 50 ಮಿಲಿಮೀಟರ್, ಕೆಲವುಗಳಲ್ಲಿ 52ಕ್ಕೂ ಹೆಚ್ಚು. ಪಿಕಪ್ಪಿನ ಮೊಳೆಗಳು ತಂತಿಯ ಕೆಳಗೇ ಬರಬೇಕು. ಮರ ಕೊರೆಯಲು ಮನಸ್ಸಿಲ್ಲದವರಿಗೆ ಒಂಟಿ ಸುರುಳಿಯ ಗಾತ್ರದಲ್ಲೇ ಎರಡು ಕಿರುಸುರುಳಿಗಳಿರುವ ಪಿಕಪ್ಪುಗಳೂ ಸಿಗುತ್ತವೆ. ಧ್ವನಿಯ ಗುಂಡಿಗಳ ಒಳಗಿನ ಪಾಟುಗಳು 250 ಕಿಲೋ ಓಮ್‌ನವಾದರೆ 500ರವನ್ನು ಹಾಕಿಸಿ. ಇಲ್ಲವಾದರೆ ಹೊಸ ಪಿಕಪ್ಪೂ ಕಂಬಳಿ ಹೊದ್ದಂತೆ ಕೇಳುತ್ತದೆ. ಕೂರಿಸಿದ ಮೇಲೆ ಅದನ್ನು ತಂತಿಗೆ ತೀರ ಹತ್ತಿರ ಏರಿಸಬೇಡಿ. ಸಡಿಲ ತಂತಿ ವಿಶಾಲವಾಗಿ ಕಂಪಿಸುತ್ತದೆ. ಅದಕ್ಕೆ ಆಡಲು ಎಡೆ ಬೇಕು.

ಇಷ್ಟು ಮಾಡಿದರೆ ಪಲ್ಲವಿ ಚರಣಗಳ ನಡುವಿನ ಮೌನ ನಿಜವಾಗಿಯೂ ಮೌನವಾಗಿರುತ್ತದೆ. ನಮ್ಮ ಭಾವಗೀತೆಗಳು ಉಸಿರಾಡುವುದು ಆ ಮೌನದಲ್ಲಿಯೇ. ಹಿಂದೆ ನಿಂತು ನುಡಿಸುವ ಆ ತರುಣನ ಹೆಸರು ಯಾರಿಗೂ ತಿಳಿದಿರಲಿಕ್ಕಿಲ್ಲ. ಅವನು ಮಿಡಿದ ಸ್ವರವಾದರೂ ಕಲಬೆರಕೆಯಿಲ್ಲದೆ ಕೇಳುಗನನ್ನು ಮುಟ್ಟಲಿ.