ಕಾರವಾರದ ಕಡಲಿಗೆ ಏನು ಸುರಿಯುತ್ತೀರಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕನ್ನಡದ ಗೆಳೆಯರೇ,

ಕೃಷ್ಣೆಯ ದಂಡೆಯವರಿಗೆ ಕಡಲಿನ ಉಸಾಬರಿ ಏಕೆ ಎನ್ನಬೇಡಿ. ನಿಪ್ಪಾಣಿ ಬೇಕೆನ್ನುವ ಮಹಾರಾಷ್ಟ್ರ ಕಾರವಾರವನ್ನೂ ಬೇಕೆನ್ನುತ್ತದೆ. ಅದರ ಕಡಲೂ ನಾವು ಕಾಯಬೇಕಾದ ಗಡಿಯೇ. 2006ರ ಮೇ 30ರಂದು ಅಲ್ಲಿ ‘ಓಷನ್ ಸೆರಾಯಾ’ ಹಡಗು ಬಂಡೆಗೆ ಸಿಕ್ಕಿ ಎಣ್ಣೆ ಕಕ್ಕಿತು.

ಇಂಥ ಎಣ್ಣೆಗೆ ಸಿಂಪಡಿಸುವ ರಾಸಾಯನಿಕ ಅದನ್ನು ಅಳಿಸುವುದಿಲ್ಲ. ಜಿಡ್ಡಿಗೆ ಸಾಬೂನು ಹಚ್ಚಿದಂತೆ ಹನಿಹನಿಯಾಗಿ ಒಡೆದು ನೀರಿಗಿಳಿಸುತ್ತದೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಗೆ ಸುಮಾರು 70 ಲಕ್ಷ ಲೀಟರ್ ಸುರಿದರು. ಈಗ ಪ್ರಯೋಗಾಲಯಗಳಲ್ಲಿ ಅಯಾನಿಕ ದ್ರವಗಳ ಸರದಿ: 100 ಡಿಗ್ರಿಯೊಳಗೇ ದ್ರವವಾಗಿರುವ ಲವಣಗಳು. ಸುಲಭಕ್ಕೆ ಆವಿಯಾಗುವುದಿಲ್ಲ, ‘ಹಸಿರು’ ಎನ್ನುತ್ತಾರೆ. ಆದರೆ ಜಲಚರಗಳಿಗೆ ವಿಷವಾಗುವಂಥವೂ ಅವುಗಳಲ್ಲಿವೆ.

ನಾಳೆ ಕಾರವಾರಕ್ಕೆ ಡ್ರಮ್ಮು ಬಂದರೆ, ಒಳಗೇನಿದೆ, ಮೀನಿಗೇನಾದೀತು ಎಂಬುದು ಅದರ ಮೇಲೆ ಕನ್ನಡದಲ್ಲಿರಬೇಕು. ಮೀನುಗಾರ ಓದಿದ ಮೇಲೆಯೇ ಸಿಂಪಡಣೆ.